2007ರೊಳಗೆ ಸಿಂಪಿ ತಿನ್ನುವಂತಾಗಬೇಕು: ಲಿನ್‌ಹೇವನ್ ನದಿಯ ಪ್ರಕರಣ

ಅಮೆರಿಕದ ಪೂರ್ವ ಕರಾವಳಿಯಲ್ಲಿ, ವರ್ಜೀನಿಯಾ ರಾಜ್ಯದ ಮೂಲೆಯಲ್ಲಿ, ವರ್ಜೀನಿಯಾ ಬೀಚ್ ಅನ್ನುವ ದೊಡ್ಡ ಊರಿದೆ. ಆ ಊರಿನ ನಡುವೆಯೇ ಕವಲು ಕವಲಾಗಿ ಹರಡಿಕೊಂಡಿರುವ ನದಿ ಲಿನ್‌ಹೇವನ್. 2000ದ ದಶಕದ ಆರಂಭದಲ್ಲಿ ಈ ನದಿಯ ಪ್ರತಿ ನೂರು ಎಕರೆಯಲ್ಲಿ ಒಂದೇ ಒಂದು ಎಕರೆಯಷ್ಟು ನೀರಿನಲ್ಲಿ ಮಾತ್ರ ಸಿಂಪಿ (ಇಂಗ್ಲಿಷಿನಲ್ಲಿ ಆಯ್ಸ್ಟರ್ ಅನ್ನುವ ಚಿಪ್ಪಿನ ಜೀವಿ) ತೆಗೆದು ನೇರವಾಗಿ ತಿನ್ನಬಹುದಿತ್ತು. ಉಳಿದ ಕಡೆಯಲ್ಲೆಲ್ಲ ಆರೋಗ್ಯ ಇಲಾಖೆ ನಿಷೇಧ ಹಾಕಿತ್ತು. ಆಗ ಹ್ಯಾರಿ ಲೆಸ್ಟರ್, ಆಂಡ್ರ್ಯೂ ಫೈನ್, ಬಾಬ್ ಸ್ಟಾಂಟನ್ ಎಂಬ ಊರಿನ ಮೂವರು ಉದ್ಯಮಿಗಳು ಮುಂದೆ ನಿಂತು ಒಂದು ಸಂಘ ಕಟ್ಟಿದರು. 2007ರ ಹೊತ್ತಿಗೆ ಈ ನದಿಯ ಸಿಂಪಿಯನ್ನು ಜನ ಮತ್ತೆ ತಿನ್ನುವಂತಾಗಬೇಕು ಅನ್ನುವುದು ಅವರ ಗುರಿ. ಸಂಘಕ್ಕೆ ಇಟ್ಟ ಹೆಸರಲ್ಲೇ ಗಡುವೂ ಇತ್ತು: ಲಿನ್‌ಹೇವನ್ ರಿವರ್ 2007.

ಗಡುವು ಮುಗಿದ ಮೇಲೂ ಸಂಘ ಮುಚ್ಚಲಿಲ್ಲ. ಹೆಸರು ಬದಲಿಸಿಕೊಂಡು ‘ಲಿನ್‌ಹೇವನ್ ರಿವರ್ ನೌ’ ಆಯಿತು. ಸ್ವಯಂಸೇವಕರು ಇವತ್ತಿಗೂ ಕೆಲಸ ಮಾಡುತ್ತಿದ್ದಾರೆ.

ನದಿ ಉಳಿಸುವ ಸಂಘಗಳು ಎಲ್ಲ ದೇಶದಲ್ಲೂ ಇವೆ. ಸಿಂಪಿ ಬೆಳೆಸುವ ಸ್ವಯಂಸೇವಕರೂ ಅಮೆರಿಕದ ಕರಾವಳಿಯುದ್ದಕ್ಕೂ ಸಿಗುತ್ತಾರೆ. ನಾನು ಈ ಪ್ರಕರಣವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಸಿಂಪಿ ಬಿಟ್ಟರೆ ನದಿ ತಾನಾಗಿ ಶುದ್ಧವಾಗುತ್ತದೆ ಅನ್ನುವ ಸುಲಭದ ಕಥೆ ಎಲ್ಲ ಕಡೆ ಓಡಾಡುತ್ತಿದೆ. ಲಿನ್‌ಹೇವನ್‌ನಲ್ಲಿ ನಡೆದದ್ದು ಬೇರೆಯೇ. ಅಲ್ಲಿ ಜನ ಮೊದಲು ತಮ್ಮ ಮನೆಯ ಕಕ್ಕಸು, ನಾಯಿ, ದೋಣಿ, ಹುಲ್ಲುಹಾಸುಗಳ ಕಡೆ ತಿರುಗಿ ನೋಡಬೇಕಾಯಿತು. ಸಿಂಪಿ ತಿನ್ನುವ ಹಾಗಾಗಿದ್ದು ಅದಾದ ಮೇಲೆ.

ನದಿ ಎಂಥದ್ದು

ಹೆಸರಿಗೆ ನದಿ, ಆದರೆ ಬೆಟ್ಟದಿಂದ ಇಳಿದು ಬರುವ ನದಿ ಅಲ್ಲ. ನಮ್ಮ ಕರಾವಳಿಯವರು ಅಳಿವೆ, ಹಿನ್ನೀರು ಅನ್ನುತ್ತಾರಲ್ಲ, ಹೆಚ್ಚುಕಡಿಮೆ ಅಂಥದ್ದು. ಪೂರ್ವ ಕವಲು, ಪಶ್ಚಿಮ ಕವಲು, ಬ್ರಾಡ್ ಬೇ, ಲಿಂಕ್‌ಹಾರ್ನ್ ಬೇ ಎಲ್ಲ ಸೇರಿ ಒಂದು ಸಣ್ಣ ಬಾಯಿಯ ಮೂಲಕ ಚೆಸಪೀಕ್ ಕೊಲ್ಲಿಗೆ ತೆರೆದುಕೊಳ್ಳುತ್ತವೆ. ದಿನಾ ಎರಡು ಸಲ ಉಬ್ಬರದಲ್ಲಿ ಉಪ್ಪುನೀರು ಒಳಗೆ ಬರುತ್ತದೆ, ಇಳಿತದಲ್ಲಿ ಹೊರಗೆ ಹೋಗುತ್ತದೆ. ನೀರಿನ ಹರವು ಸುಮಾರು 5,000 ಎಕರೆ. ದಡದ ಉದ್ದ ಸುಮಾರು 240 ಕಿಲೋಮೀಟರ್. ಇದಕ್ಕೆ ನೀರು ಹರಿದು ಬರುವ ಜಾಗ ಸುಮಾರು 166 ಚದರ ಕಿಲೋಮೀಟರ್, ಹೆಚ್ಚುಕಡಿಮೆ ಅಷ್ಟೂ ಊರೇ.

ಕೊನೆಯ ಮಾತು ಮುಖ್ಯ. ಈ ನದಿಗೆ ದೊಡ್ಡ ಸಿಹಿನೀರಿನ ಮೂಲ ಇಲ್ಲ. ಮಳೆ ಬಂದಾಗ ರಸ್ತೆ, ಛಾವಣಿ, ಅಂಗಳ, ಪಾರ್ಕಿಂಗ್ ಜಾಗಗಳಿಂದ ಹರಿದು ಬರುವ ನೀರೇ ಅದಕ್ಕೆ ಸಿಹಿನೀರು. ಊರು ಹೇಗಿದೆಯೋ ನದಿಯೂ ಹಾಗೇ ಇರುತ್ತದೆ.

ಇಲ್ಲಿನ ಸಿಂಪಿಗೆ ಹಳೆಯ ಹೆಸರು. 1607ರ ಏಪ್ರಿಲ್‌ನಲ್ಲಿ ಜೇಮ್ಸ್‌ಟೌನ್ ಎಂಬ ವಸಾಹತು ಕಟ್ಟಲು ಬಂದ ಇಂಗ್ಲಿಷರು ಮೊದಲು ಕಾಲಿಟ್ಟ ಕೇಪ್ ಹೆನ್ರಿ ಇಲ್ಲೇ ಪಕ್ಕದಲ್ಲಿದೆ. ಆ ಗುಂಪಿನಲ್ಲಿದ್ದ ಜಾರ್ಜ್ ಪರ್ಸಿ, ಮೂಲನಿವಾಸಿಗಳು ಬೆಂಕಿಯಲ್ಲಿ ಸುಡಲು ಇಟ್ಟು ಹೋಗಿದ್ದ ಸಿಂಪಿಗಳನ್ನು ತಾವು ತಿಂದೆವು, ಅವು ತುಂಬ ದೊಡ್ಡದಾಗಿ ರುಚಿಯಾಗಿದ್ದವು ಎಂದು ಬರೆದಿಟ್ಟಿದ್ದಾನೆ. ಮುಂದೆ 19ನೇ ಶತಮಾನದ ಕೊನೆಯ ಹೊತ್ತಿಗೆ ದೊಡ್ಡ ಊರುಗಳ ಹೋಟೆಲ್ ಮೆನುಗಳಲ್ಲಿ ಲಿನ್‌ಹೇವನ್ ಎಂದು ಹೆಸರು ಹಾಕಿಯೇ ಈ ಸಿಂಪಿ ಮಾರುತ್ತಿದ್ದರು. ಕುಮಟಾ ಮೀನು ಪೇಟೆಯಲ್ಲಿ ಅಘನಾಶಿನಿ ನದಿಯ ಬಳಚು (ತಿನ್ನುವ ಚಿಪ್ಪಿನ ಜೀವಿ) ಅಂದರೆ ಬೆಲೆ ಬೇರೆ, ಅಲ್ವಾ? ಹಾಗೆ ಊರಿನ ಹೆಸರೇ ಗುಣದ ಗುರುತಾಗಿತ್ತು.

ಕೆಟ್ಟದ್ದು ಹೇಗೆ

ಎರಡು ಕಥೆ ಸೇರಿಕೊಂಡಿವೆ. ಒಂದು ಇಡೀ ಚೆಸಪೀಕ್ ಕೊಲ್ಲಿಯದು, ಇನ್ನೊಂದು ಈ ಊರಿನದು.

1880ರ ದಶಕದಲ್ಲಿ ಚೆಸಪೀಕ್‌ನಲ್ಲಿ ಸಿಂಪಿ ತೆಗೆಯುವುದು ತುತ್ತತುದಿ ಮುಟ್ಟಿತ್ತು. ದೋಣಿಯ ಹಿಂದೆ ಕಬ್ಬಿಣದ ಹಲ್ಲಿನ ಬಲೆ ಕಟ್ಟಿ ನದಿಯ ತಳವನ್ನೇ ಬಾಚಿ ತೆಗೆಯುತ್ತಿದ್ದರು. ಸಿಂಪಿಯ ಜೊತೆಗೆ ಅದು ಕುಳಿತಿದ್ದ ಹಳೆಯ ಚಿಪ್ಪಿನ ದಿಬ್ಬವೂ ಹೋಯಿತು. ತೆಗೆದ ಚಿಪ್ಪು ರಸ್ತೆಗೆ, ಸುಣ್ಣಕ್ಕೆ, ಕೋಳಿ ಮೇವಿಗೆ ಬಳಕೆಯಾಯಿತು. ಅದು ಸಾಲದು ಅಂತ 20ನೇ ಶತಮಾನದ ನಡುವೆ ಎರಡು ರೋಗ ಬಂದವು. 1949ರ ಸುಮಾರಿಗೆ ಡರ್ಮೊ ಕಾಣಿಸಿತು. 1959ರಲ್ಲಿ ಎಂ.ಎಸ್.ಎಕ್ಸ್. ಬಂತು. ಎರಡರಿಂದಲೂ ತಿನ್ನುವ ಮನುಷ್ಯನಿಗೆ ಏನೂ ಆಗುವುದಿಲ್ಲ, ಆದರೆ ಸಿಂಪಿ ಸಾಯುತ್ತದೆ. ಇವತ್ತು ಕೊಲ್ಲಿಯಲ್ಲಿ ಉಳಿದಿರುವ ಸಿಂಪಿ ಹಿಂದೆ ಇದ್ದದ್ದರ ಒಂದೆರಡು ಶೇಕಡಾ ಅಷ್ಟೇ ಎಂದು ವಿಜ್ಞಾನಿಗಳ ಲೆಕ್ಕ.

ಊರಿನ ಕಥೆ ಅದಕ್ಕಿಂತ ಈಚಿನದು. ಮೊದಲು ಇಲ್ಲಿ ಪ್ರಿನ್ಸೆಸ್ ಆನ್ ಕೌಂಟಿ ಎಂಬ ಹೊಲಗದ್ದೆಗಳ ಸೀಮೆ ಇತ್ತು. 1963ರಲ್ಲಿ ಅದು ವರ್ಜೀನಿಯಾ ಬೀಚ್ ಜೊತೆ ವಿಲೀನವಾಯಿತು. 1970ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 1,72,106. 1990ರಲ್ಲಿ 3,93,069. ಇಪ್ಪತ್ತು ವರ್ಷದಲ್ಲಿ ಎರಡು ಪಟ್ಟಿಗೂ ಜಾಸ್ತಿ. ಹೊಲ ಇದ್ದಲ್ಲಿ ಮನೆ ಬಂತು. ಮನೆಗೊಂದು ಹುಲ್ಲುಹಾಸು, ನಾಯಿ, ಎರಡು ಕಾರು. ನದಿ ದಡದ ಮನೆಗೆ ಒಂದು ದೋಣಿ, ಒಂದು ಜೆಟ್ಟಿ. ಒಳಚರಂಡಿ ತಲುಪದ ಹಳೆಯ ಬಡಾವಣೆಗಳಲ್ಲಿ ಸೆಪ್ಟಿಕ್ ಟ್ಯಾಂಕ್. ಅಲ್ಲಿನ ನೆಲ ಮರಳು, ನೆಲದಡಿಯ ನೀರು ಕೈಗೆ ಸಿಗುವಷ್ಟು ಮೇಲೆ. ಅಂಥ ಕಡೆ ಸೆಪ್ಟಿಕ್ ಟ್ಯಾಂಕ್ ಸೋರಿದರೆ ಎಲ್ಲಿಗೆ ಹೋಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಇಲ್ಲಿ ಒಬ್ಬ ತಪ್ಪಿತಸ್ಥ ಇರಲಿಲ್ಲ. ಹೊಗೆ ಉಗುಳುವ ಕಾರ್ಖಾನೆ ಇಲ್ಲ, ಬಣ್ಣದ ನೀರು ಬಿಡುವ ಗಿರಣಿ ಇಲ್ಲ. ನನಗೆ ಈ ಪ್ರಕರಣದಲ್ಲಿ ಅತ್ಯಂತ ಕಷ್ಟದ್ದು ಅನ್ನಿಸಿದ ಸಂಗತಿ ಇದೇ. ಕಾರ್ಖಾನೆ ಇದ್ದರೆ ಅದರ ಗೇಟಿನ ಮುಂದೆ ಧರಣಿ ಕೂರಬಹುದು. ಲಕ್ಷಾಂತರ ಮನೆಗಳ ಮುಂದೆ ಕೂರಲು ಆಗುತ್ತದಾ?

ನೂರು ಮಿಲಿಲೀಟರಿಗೆ ಹದಿನಾಲ್ಕು

ಸಿಂಪಿ ತೆಗೆಯಬಹುದೋ ಬೇಡವೋ ಎಂದು ನಿರ್ಧರಿಸುವುದು ವರ್ಜೀನಿಯಾದ ಆರೋಗ್ಯ ಇಲಾಖೆ. ಇಲಾಖೆಯವರು ನದಿಯ ಗೊತ್ತುಪಡಿಸಿದ ಜಾಗಗಳಿಂದ ನೀರು ತೆಗೆದು ಅದರಲ್ಲಿ ಮಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ನೋಡುತ್ತಾರೆ. ಹಲವು ಸಲದ ಪರೀಕ್ಷೆಗಳ ಸರಾಸರಿ 100 ಮಿಲಿಲೀಟರ್ ನೀರಿಗೆ 14 ಮೀರಬಾರದು. ಇದು ಅಮೆರಿಕದಾದ್ಯಂತ ಇರುವ ಮಾನದಂಡ.

14 ಎಷ್ಟು ಕಡಿಮೆ ಎಂದು ಗೊತ್ತಾಗಬೇಕಾದರೆ ನಮ್ಮ ಲೆಕ್ಕ ನೋಡಿ. ಭಾರತದಲ್ಲಿ ನದಿಯಲ್ಲಿ ಸ್ನಾನ ಮಾಡುವ ನೀರಿಗೆ ಇದೇ ಬ್ಯಾಕ್ಟೀರಿಯಾ 100 ಮಿಲಿಲೀಟರಿಗೆ 500 ಇದ್ದರೆ ಒಳ್ಳೆಯದು, 2,500ರವರೆಗೂ ನಡೆಯುತ್ತದೆ. ಸಿಂಪಿಗೆ ಇಷ್ಟು ಬಿಗಿ ಯಾಕೆ? ಸಿಂಪಿ ಇಡೀ ದಿನ ನೀರನ್ನು ಒಳಗೆಳೆದು, ಸೋಸಿ, ಹೊರಗೆ ಬಿಡುತ್ತಿರುತ್ತದೆ. ನೀರಲ್ಲಿ ಚದುರಿರುವ ಕೊಳಕೆಲ್ಲ ಅದರ ಮೈಯಲ್ಲಿ ಒಟ್ಟಾಗುತ್ತದೆ. ಅಲ್ಲಿನ ಜನ ಅದನ್ನು ಹಸಿಯಾಗಿಯೇ, ಒಂದಿಷ್ಟು ನಿಂಬೆರಸ ಹಿಂಡಿ ತಿನ್ನುತ್ತಾರೆ. ಬೇಯಿಸಿದಾಗ ಸಾಯಬೇಕಾದ ರೋಗಾಣು ಹಸಿಯಲ್ಲಿ ಹಾಗೇ ಹೊಟ್ಟೆಗೆ ಹೋಗುತ್ತದೆ.

ಸಂಘದವರ ಜಾಣತನ ಇಲ್ಲಿ ಕಾಣುತ್ತದೆ. ‘ನದಿ ಸ್ವಚ್ಛ ಮಾಡೋಣ’ ಅಂದಿದ್ದರೆ ಅದು ಎಲ್ಲಿಂದ ಶುರು, ಎಲ್ಲಿಗೆ ಮುಗಿಯಿತು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ‘ಸಿಂಪಿ ತಿನ್ನುವ ಹಾಗಾಗಬೇಕು’ ಅಂದಾಗ ಪರೀಕ್ಷೆ ಮಾಡುವವರು ಬೇರೆಯವರು, ಅಂಕಿ ಮೊದಲೇ ನಿಗದಿಯಾದದ್ದು, ಫಲ ತಟ್ಟೆಯ ಮೇಲೆ ಕಾಣುವಂಥದ್ದು. ಸಂಘ ತಾನೇ ತನ್ನ ಬೆನ್ನು ತಟ್ಟಿಕೊಳ್ಳಲು ಅವಕಾಶವೇ ಇಲ್ಲ. ಅದರ ಮೇಲೆ ಒಂದು ಇಸವಿಯನ್ನೂ ಹೆಸರಿಗೆ ಅಂಟಿಸಿಕೊಂಡರು. ಗುರಿ ತಪ್ಪಿದ್ದರೆ ಸಂಘದ ಹೆಸರೇ ಅದನ್ನು ಸಾರುತ್ತಿತ್ತು. ಇಂಥ ಧೈರ್ಯ ನಾನು ಜಾಸ್ತಿ ಕಂಡಿಲ್ಲ.

ಮನೆ ಮನೆಯ ಕೆಲಸ

ಬ್ಯಾಕ್ಟೀರಿಯಾ ಎಲ್ಲಿಂದ ಬರುತ್ತಿದೆ ಎಂದು ಹುಡುಕಿದಾಗ ಸಿಕ್ಕ ಉತ್ತರ ಚದುರಿಕೊಂಡಿತ್ತು. ಮನುಷ್ಯರದ್ದು ಇತ್ತು, ನಾಯಿಗಳದ್ದು ಇತ್ತು, ಬಾತು, ರಕೂನ್‌ನಂಥ ಕಾಡುಜೀವಿಗಳದ್ದೂ ಇತ್ತು. ಒಂದೊಂದಕ್ಕೂ ಬೇರೆ ಬೇರೆ ಮದ್ದು ಬೇಕಿತ್ತು.

ಮನುಷ್ಯರದ್ದನ್ನು ತಡೆಯುವುದು ನಗರಾಡಳಿತದ ಕೈಯಲ್ಲಿತ್ತು. ಸೆಪ್ಟಿಕ್ ಟ್ಯಾಂಕ್ ಇದ್ದ ಬಡಾವಣೆಗಳಿಗೆ ಒಳಚರಂಡಿ ಎಳೆಯಬೇಕು, ಹಳೆಯ ಪೈಪು ಬದಲಿಸಬೇಕು, ಪಂಪ್ ಕೇಂದ್ರಗಳನ್ನು ಸುಧಾರಿಸಬೇಕು. ಸಮತಟ್ಟಾದ ನೆಲದಲ್ಲಿ ಕೊಳಚೆ ತಾನಾಗಿ ಹರಿಯುವುದಿಲ್ಲ, ಪಂಪ್ ಮಾಡಿಯೇ ಕಳಿಸಬೇಕು. ಕರೆಂಟು ಹೋದರೆ ಪಂಪ್ ನಿಲ್ಲುತ್ತದೆ, ಪಂಪ್ ನಿಂತರೆ ಕೊಳಚೆ ಉಕ್ಕುತ್ತದೆ. 2003ರ ಸೆಪ್ಟೆಂಬರಿನಲ್ಲಿ ಇಸಾಬೆಲ್ ಚಂಡಮಾರುತ ಈ ಭಾಗಕ್ಕೆ ಬಡಿದು ಕರೆಂಟು ಕಿತ್ತುಹಾಕಿತ್ತು, ಆದ್ದರಿಂದ ಇದು ಬರೀ ಕಾಗದದ ಮೇಲಿನ ಭಯ ಆಗಿರಲಿಲ್ಲ. ಇದಕ್ಕೆಲ್ಲ ದೊಡ್ಡ ಹಣ ಬೇಕು. ಸ್ವಯಂಸೇವಕರು ಸಲಿಕೆ ಹಿಡಿದು ಪೈಪು ಹೂಳಲು ಆಗುವುದಿಲ್ಲ. ಅವರು ಮಾಡಿದ್ದು ಬೇರೆ. ನದಿಯ ವಿಷಯ ಕೌನ್ಸಿಲ್ ಸದಸ್ಯರಿಗೆ ಮರೆಯದ ಹಾಗೆ ನೋಡಿಕೊಂಡರು. ಉದ್ಯಮಿಗಳೇ ಸಂಘ ಕಟ್ಟಿದ್ದು ಇಲ್ಲಿ ಉಪಯೋಗಕ್ಕೆ ಬಂದಿರಬೇಕು ಎಂದು ನನ್ನ ಅಂದಾಜು. ಅಂಥವರು ಹೇಳಿದಾಗ ಊರಿನ ಆಡಳಿತ ಕಿವಿ ಕೊಡುತ್ತದೆ. ಇದು ಎಲ್ಲ ಊರಿನಲ್ಲೂ ಸಿಗುವ ಅನುಕೂಲ ಅಲ್ಲ, ಈ ಪ್ರಕರಣವನ್ನು ಓದುವಾಗ ಅದನ್ನು ನೆನಪಿಟ್ಟುಕೊಳ್ಳಬೇಕು.

ನಾಯಿಯ ವಿಷಯ ಮಾತ್ರ ಪೂರಾ ಸ್ವಯಂಸೇವಕರ ಪಾಲಿಗೆ ಬಂತು. ಬೆಳಿಗ್ಗೆ ನಾಯಿಯನ್ನು ವಾಕಿಂಗ್ ಕರೆದುಕೊಂಡು ಹೋಗುತ್ತಾರೆ. ಅದು ದಾರಿ ಬದಿಯಲ್ಲಿ ಮಾಡುತ್ತದೆ. ಮಳೆ ಬಂದಾಗ ಅದು ಮೋರಿಗೆ, ಮೋರಿಯಿಂದ ನದಿಗೆ. ಮಳೆನೀರಿನ ಮೋರಿ ಯಾವ ಶುದ್ಧೀಕರಣ ಘಟಕಕ್ಕೂ ಹೋಗುವುದಿಲ್ಲ, ನೇರ ನದಿಗೆ ಹೋಗುತ್ತದೆ. ಇದು ಅಲ್ಲಿನ ಬಹಳ ಜನರಿಗೆ ಗೊತ್ತಿರಲಿಲ್ಲ. ಸ್ವಯಂಸೇವಕರು ‘ಎತ್ತಿ ಹಾಕಿ’ ಎಂಬ ಅಭಿಯಾನ ಮಾಡಿದರು. ಸುಮ್ನೆ ಬೋರ್ಡು ಹಾಕಿ ಕೈತೊಳೆದುಕೊಳ್ಳಲಿಲ್ಲ, ಚೀಲ ಕೊಟ್ಟರು, ಮಕ್ಕಳ ಮೂಲಕ ಹೇಳಿಸಿದರು. ನೆರೆಮನೆಯವನಿಗೆ ‘ನಿಮ್ಮ ನಾಯಿ ಮಾಡಿದ್ದನ್ನು ಎತ್ತಿ’ ಎಂದು ನಗುನಗುತ್ತ ಹೇಳುವುದು ಎಷ್ಟು ಇರುಸುಮುರುಸು ಎಂದು ಯಾವ ಬಡಾವಣೆಯಲ್ಲಿ ಇರುವವರಿಗೂ ಗೊತ್ತು. ಸ್ವಯಂಸೇವೆ ಅಂದರೆ ಬಹಳ ಸಲ ಇಷ್ಟೇ, ಇರುಸುಮುರುಸನ್ನು ತಡೆದುಕೊಂಡು ಮತ್ತೆ ಮತ್ತೆ ಹೇಳುವುದು.

ಬಾತುಗಳದ್ದು ಇನ್ನೊಂದು ತಲೆನೋವು. ದಡದವರೆಗೂ ಹುಲ್ಲು ಕತ್ತರಿಸಿ ನುಣ್ಣಗೆ ಇಟ್ಟರೆ ಕೆನಡಾ ಹೆಬ್ಬಾತುಗಳು ಬಂದು ಕೂರುತ್ತವೆ. ಅವಕ್ಕೆ ಎಳೆ ಹುಲ್ಲೂ ಬೇಕು, ನರಿಯೋ ನಾಯಿಯೋ ಬಂದರೆ ದೂರದಿಂದಲೇ ಕಾಣುವ ಬಯಲೂ ಬೇಕು. ದಡದಲ್ಲಿ ಎತ್ತರದ ಜೌಗು ಹುಲ್ಲು, ಪೊದೆ ಬೆಳೆಯಲು ಬಿಟ್ಟರೆ ಅವು ಅಲ್ಲಿ ನಿಲ್ಲುವುದು ಕಡಿಮೆ. ಆ ಪೊದೆ ಅಂಗಳದಿಂದ ಹರಿದು ಬರುವ ಗೊಬ್ಬರದ ನೀರನ್ನೂ ತಡೆಯುತ್ತದೆ. ಆದರೆ ನದಿ ಕಾಣಲಿ ಅಂತಲೇ ದುಬಾರಿ ಮನೆ ಕೊಂಡವರಿಗೆ ಅಂಗಳದ ಅಂಚಿನಲ್ಲಿ ಪೊದೆ ಬೆಳೆಸಿ ಅನ್ನಬೇಕಲ್ಲ! ಸಂಘದವರು ‘ಪರ್ಲ್ ಹೋಮ್’ ಅಂದರೆ ಮುತ್ತಿನ ಮನೆ ಎಂಬ ಒಂದು ಗೌರವ ಶುರು ಮಾಡಿದರು. ಗೊಬ್ಬರ ಕಡಿಮೆ ಹಾಕುತ್ತೇವೆ, ನಾಯಿಯದ್ದನ್ನು ಎತ್ತುತ್ತೇವೆ, ಮಳೆನೀರು ಇಂಗಿಸುತ್ತೇವೆ ಎಂದು ಪಟ್ಟಿಗೆ ಒಪ್ಪಿದ ಮನೆಗೆ ಆ ಗುರುತು. ಶಾಲೆಗಳಿಗೂ ಇಂಥದ್ದೇ ‘ಪರ್ಲ್ ಸ್ಕೂಲ್’. ಬೀದಿಯಲ್ಲಿ ಒಂದು ಮನೆಗೆ ಆ ಗುರುತು ಬಂದರೆ ಪಕ್ಕದ ಮನೆಯವರೂ ವಿಚಾರಿಸುತ್ತಾರೆ. ಜನರ ಸ್ವಭಾವ ಎಲ್ಲ ಕಡೆ ಒಂದೇ.

ದೋಣಿಗಳದ್ದು ಕಾನೂನಿನ ದಾರಿಯಲ್ಲಿ ಸರಿಯಾಯಿತು. ಮೋಜಿನ ದೋಣಿಗಳಲ್ಲಿ ಕಕ್ಕಸು ಇರುತ್ತದೆ. ಅದರ ತೊಟ್ಟಿಯನ್ನು ದಡದಲ್ಲಿ ಖಾಲಿ ಮಾಡಿಸುವುದಕ್ಕಿಂತ ನೀರಿಗೆ ಬಿಡುವುದು ಸುಲಭ. 2007ರಲ್ಲಿ ಲಿನ್‌ಹೇವನ್ ಅನ್ನು ದೋಣಿಯಿಂದ ಕೊಳಚೆ ಬಿಡಲೇಬಾರದ ವಲಯ ಎಂದು ಘೋಷಿಸಿದರು. ಸಂಸ್ಕರಿಸಿದ್ದನ್ನೂ ಬಿಡುವಂತಿಲ್ಲ. ವರ್ಜೀನಿಯಾದ ಉಬ್ಬರವಿಳಿತದ ನದಿಗಳಲ್ಲಿ ಇಂಥ ಘೋಷಣೆ ಇದೇ ಮೊದಲು. ಬಿಡಬೇಡಿ ಅಂದಮೇಲೆ ಎಲ್ಲಿ ಬಿಡಬೇಕು ಎಂದೂ ಹೇಳಬೇಕು. ಹಾಗಾಗಿ ದೋಣಿ ನಿಂತಲ್ಲಿಗೇ ಹೋಗಿ ತೊಟ್ಟಿ ಖಾಲಿ ಮಾಡುವ ವ್ಯವಸ್ಥೆಯನ್ನೂ ಜೊತೆಗೇ ಮಾಡಿದರು. ನಿಷೇಧ ಒಂದನ್ನೇ ಹಾಕಿದ್ದರೆ ಅದು ಕಾಗದದಲ್ಲೇ ಉಳಿಯುತ್ತಿತ್ತು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ಚಿಪ್ಪು ಅಂದರೆ ಮನೆ

ಇನ್ನು ಸಿಂಪಿಯ ಕೆಲಸ. ಇದಕ್ಕೆ ಅದರ ಬಾಲ್ಯ ತಿಳಿದಿರಬೇಕು.

ಬೇಸಿಗೆಯಲ್ಲಿ ನೀರು ಬೆಚ್ಚಗಾದಾಗ ಸಿಂಪಿಗಳು ಮೊಟ್ಟೆ, ವೀರ್ಯ ಎರಡನ್ನೂ ನೀರಿಗೆ ಬಿಡುತ್ತವೆ. ಅಲ್ಲೇ ಮರಿಯಾಗುತ್ತದೆ. ಎರಡು ಮೂರು ವಾರ ಆ ಮರಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ತೇಲಾಡುತ್ತದೆ. ಆಮೇಲೆ ಅದಕ್ಕೆ ಕುಳಿತುಕೊಳ್ಳಲು ಗಟ್ಟಿ ಜಾಗ ಬೇಕು. ಇನ್ನೊಂದು ಸಿಂಪಿಯ ಚಿಪ್ಪು ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು. ಒಮ್ಮೆ ಅಂಟಿಕೊಂಡರೆ ಜೀವಮಾನವೆಲ್ಲ ಅಲ್ಲೇ. ಕೆಸರಿನಲ್ಲಿ ಬಿದ್ದರೆ ಹೂತು ಸಾಯುತ್ತದೆ. ಅಂದರೆ ಹಳೆಯ ಚಿಪ್ಪಿಲ್ಲದೆ ಹೊಸ ಸಿಂಪಿ ಇಲ್ಲ. ಚಿಪ್ಪನ್ನು ರಸ್ತೆಗೆ ಸುರಿದವರು ಮುಂದಿನ ಪೀಳಿಗೆಯ ಮನೆಯನ್ನೇ ಸುರಿದುಬಿಟ್ಟಿದ್ದರು.

ಹೋಟೆಲ್‌ಗಳಲ್ಲಿ ಜನ ತಿಂದು ಬಿಟ್ಟ ಚಿಪ್ಪು ಕಸದ ಲಾರಿ ಹತ್ತುತ್ತಿತ್ತು. ಸ್ವಯಂಸೇವಕರು ಅದನ್ನು ತಿರುಗಿ ನದಿಗೆ ತರಲು ಹೊರಟರು. ಒಪ್ಪಿದ ಹೋಟೆಲ್‌ಗಳಲ್ಲಿ ಬೇರೆ ಡಬ್ಬಿ ಇಟ್ಟರು. ಮನೆಯಲ್ಲಿ ತಿಂದವರು ತಂದು ಹಾಕಲು ಊರಿನ ಕೆಲವು ಕಡೆ ತೊಟ್ಟಿ ಇಟ್ಟರು. ಬೇಸಿಗೆಯಲ್ಲಿ ಆ ಡಬ್ಬಿ ಎತ್ತುವುದು ಮೂಗು ಮುಚ್ಚಿಕೊಂಡು ಮಾಡುವ ಕೆಲಸ. ಮಾಂಸದ ಚೂರು ಅಂಟಿರುತ್ತದೆ, ನೊಣ ಮುತ್ತಿರುತ್ತದೆ, ಭಾರ ಬೇರೆ. ತಂದ ಚಿಪ್ಪನ್ನು ತಕ್ಷಣ ನೀರಿಗೆ ಹಾಕುವಂತಿಲ್ಲ. ಬೇರೆ ಕಡೆಯ ಸಿಂಪಿಯ ರೋಗ ಅದರ ಜೊತೆ ಬರಬಹುದು. ತಿಂಗಳುಗಟ್ಟಲೆ ಬಿಸಿಲಿಗೆ ರಾಶಿ ಹಾಕಿ ಒಣಗಿಸಬೇಕು. ಆಮೇಲೆ ಅದು ಮರಿ ಕೂರಲು ಸಿದ್ಧ.

ಉತ್ತರ ಕನ್ನಡದ ಓದುಗರಿಗೆ ಇಲ್ಲಿ ಅಘನಾಶಿನಿ ನೆನಪಾಗದೆ ಇರದು. ಕುಮಟಾ ತಾಲ್ಲೂಕಿನ ಆ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಗಂಡಸರು, ಹೆಂಗಸರು ನೀರಿಗಿಳಿದು ಬಳಚು ಆರಿಸುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಕೊಟ್ಟ ಲೆಕ್ಕದಂತೆ ಅಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪಿನ ಜೀವಿಗಳು ಸಿಗುತ್ತಿದ್ದವು. 2,300ಕ್ಕೂ ಜಾಸ್ತಿ ಜನರಿಗೆ ಅದು ಬದುಕು. ಆ ಅಳಿವೆಯ ತಳದಿಂದಲೂ ಸುಣ್ಣಕ್ಕೆಂದು ಹಳೆಯ ಚಿಪ್ಪು ಬಗೆದು ಸಾಗಿಸಿದ್ದಾರೆ. 2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿ ಸೇರಿತು. ಲಿನ್‌ಹೇವನ್ ಕಳೆದುಕೊಂಡು ಮತ್ತೆ ಹುಡುಕಿಕೊಂಡದ್ದು ಅಘನಾಶಿನಿಯಲ್ಲಿ ಇನ್ನೂ ಕೈಯಲ್ಲಿದೆ. ಕಳೆದ ಮೇಲೆ ತರುವುದಕ್ಕೆ ಎಷ್ಟು ಖರ್ಚು, ಎಷ್ಟು ಕಾಲ ಬೇಕು ಅನ್ನುವ ಲೆಕ್ಕಕ್ಕಾದರೂ ನಮ್ಮ ಕರಾವಳಿಯವರು ಈ ಪ್ರಕರಣ ನೋಡಬೇಕು.

ಚಿಪ್ಪಿನ ಜೊತೆಗೆ ಇನ್ನೊಂದು ಕೆಲಸ ಇದೆ, ಅದನ್ನು ಸಿಂಪಿ ತೋಟಗಾರಿಕೆ ಅನ್ನುತ್ತಾರೆ. ನದಿ ದಡದ ಮನೆಯವರು ತಮ್ಮ ಜೆಟ್ಟಿಗೆ ಒಂದು ಬುಟ್ಟಿ ಅಥವಾ ತೇಲುವ ಪಂಜರ ಕಟ್ಟಿಕೊಳ್ಳುತ್ತಾರೆ. ಅದರಲ್ಲಿ ಉಗುರಿನಷ್ಟು ಸಣ್ಣ ಸಿಂಪಿಗಳನ್ನು ಸುಮಾರು ಒಂದು ವರ್ಷ ಸಾಕುತ್ತಾರೆ. ಆಗಾಗ ಪಂಜರ ಎತ್ತಿ ಅಲುಗಾಡಿಸಿ, ಅಂಟಿದ ಪಾಚಿ ಉಜ್ಜಿ, ಒಳಗೆ ಹೊಕ್ಕ ಏಡಿಗಳನ್ನು ತೆಗೆಯಬೇಕು. ಹಾಗೆ ಬಲಿತ ಸಿಂಪಿಯನ್ನು ಯಾರೂ ತೆಗೆಯದ, ರಕ್ಷಿಸಿದ ದಿಬ್ಬಗಳ ಮೇಲೆ ಬಿಡುತ್ತಾರೆ. ಸಾಕಿದವರು ಅದನ್ನು ತಿನ್ನುವುದಿಲ್ಲ.

ಲೆಕ್ಕ ಹಾಕಿದರೆ ಈ ಬುಟ್ಟಿಗಳಿಂದ ನದಿಗೆ ಸೇರುವ ಸಿಂಪಿ ಜಾಸ್ತಿ ಏನಲ್ಲ. ದೊಡ್ಡ ದಿಬ್ಬಗಳನ್ನು ಕಟ್ಟಿದ್ದು ಅಮೆರಿಕದ ಸೇನೆಯ ಎಂಜಿನಿಯರ್ ದಳ. 2007 ಮತ್ತು 2008ರಲ್ಲಿ ಅವರು ದೋಣಿಗಟ್ಟಲೆ ಚಿಪ್ಪು ಸುರಿದು ಲಿನ್‌ಹೇವನ್‌ನಲ್ಲಿ 58 ಎಕರೆಯಷ್ಟು ಸಿಂಪಿ ದಿಬ್ಬ ಮಾಡಿದರು. ಅದರ ಪಕ್ಕದಲ್ಲಿ ಜೆಟ್ಟಿಯ ಬುಟ್ಟಿ ತೀರಾ ಸಣ್ಣದು. ಆದರೂ ಬುಟ್ಟಿ ಬೇಕೇ ಬೇಕು ಎಂದು ನನಗೆ ಅನ್ನಿಸುತ್ತದೆ. ಒಂದು ವರ್ಷ ತನ್ನ ಜೆಟ್ಟಿಯಲ್ಲಿ ಸಿಂಪಿ ಸಾಕಿದವರು ಅಂಗಳಕ್ಕೆ ಗೊಬ್ಬರ ಸುರಿಯುವ ಮೊದಲು ಒಂದು ಸಲ ಯೋಚನೆ ಮಾಡುತ್ತಾರೆ. ಕೌನ್ಸಿಲ್ ಸಭೆಯಲ್ಲಿ ಒಳಚರಂಡಿಯ ಖರ್ಚಿಗೆ ಕೈ ಎತ್ತುವವರೂ ಅವರೇ.

ಸಿಂಪಿಯ ಮೇಲೆ ಎಷ್ಟು ಭಾರ ಹಾಕಬಹುದು

ಒಂದು ಸಿಂಪಿ ದಿನಕ್ಕೆ 50 ಗ್ಯಾಲನ್, ಅಂದರೆ ಸುಮಾರು 190 ಲೀಟರ್ ನೀರು ಸೋಸುತ್ತದೆ ಎಂಬ ಮಾತನ್ನು ನೀವು ಎಲ್ಲೋ ಓದಿರುತ್ತೀರಿ. ಆ ಅಂಕಿ ಸುಳ್ಳಲ್ಲ, ಆದರೆ ಅದು ಎಲ್ಲವೂ ಅನುಕೂಲವಾಗಿದ್ದಾಗಿನ ಗರಿಷ್ಠ. ನಿಜವಾದ ನದಿಯಲ್ಲಿ ಚಳಿಗಾಲಕ್ಕೆ ಸಿಂಪಿ ಹೆಚ್ಚುಕಡಿಮೆ ಸೋಸುವುದನ್ನೇ ನಿಲ್ಲಿಸುತ್ತದೆ. ನೀರಲ್ಲಿ ಉಪ್ಪು ಕಡಿಮೆಯಾದರೆ, ಕೆಸರು ಜಾಸ್ತಿಯಾದರೆ, ಆಗಲೂ ಕಡಿಮೆ. ಸರಾಸರಿ ತೆಗೆದರೆ ಅದರ ಸಣ್ಣ ಪಾಲು ಮಾತ್ರ ಸಿಗುತ್ತದೆ.

ಸಿಂಪಿ ಮಾಡುವ ಕೆಲಸ ದೊಡ್ಡದೇ. ತೇಲುವ ಪಾಚಿಯನ್ನು ತಿನ್ನುತ್ತದೆ, ಬೇಡದ ಕೆಸರನ್ನು ಉಂಡೆ ಕಟ್ಟಿ ತಳಕ್ಕೆ ಉಗುಳುತ್ತದೆ, ನೀರು ತಿಳಿಯಾಗುತ್ತದೆ. ತಿಳಿನೀರಿನಲ್ಲಿ ಬಿಸಿಲು ತಳ ಮುಟ್ಟಿ ನೀರಹುಲ್ಲು ಬೆಳೆಯುತ್ತದೆ. ದಿಬ್ಬದ ಸಂದುಗೊಂದಿಗಳಲ್ಲಿ ಸಣ್ಣ ಮೀನು, ಸಿಗಡಿ, ಏಡಿ ಸೇರಿಕೊಳ್ಳುತ್ತವೆ. ಆದರೆ ಸೋರುವ ಸೆಪ್ಟಿಕ್ ಟ್ಯಾಂಕಿಗೆ ಸಿಂಪಿ ಮದ್ದಲ್ಲ. ಲಿನ್‌ಹೇವನ್‌ನಲ್ಲಿ ಇದನ್ನು ಮೊದಲೇ ಅರ್ಥ ಮಾಡಿಕೊಂಡಿದ್ದರು, ಅದಕ್ಕೇ ಮೋರಿಯಿಂದ ಶುರು ಮಾಡಿದರು.

ದಿಬ್ಬ ಎಷ್ಟು ಎತ್ತರ ಇರಬೇಕು ಅನ್ನುವ ಪ್ರಶ್ನೆಗೂ ಅದೇ ಕಾಲಕ್ಕೆ ಬೇರೊಂದು ನದಿಯಿಂದ ಉತ್ತರ ಸಿಕ್ಕಿತು. ಚೆಸಪೀಕ್‌ನ ಇನ್ನೊಂದು ಉಪನದಿ ಗ್ರೇಟ್ ವೈಕೊಮಿಕೊದಲ್ಲಿ 2004ರಲ್ಲಿ ಎಂಜಿನಿಯರ್ ದಳದವರು ಎತ್ತರದ ಮತ್ತು ತಗ್ಗಿನ ಎರಡೂ ಬಗೆಯ ದಿಬ್ಬ ಕಟ್ಟಿದ್ದರು. 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎತ್ತರದ ದಿಬ್ಬಗಳಲ್ಲಿ ಸಿಂಪಿ ತಗ್ಗಿನವಕ್ಕಿಂತ ನಾಲ್ಕು ಪಟ್ಟು ಒತ್ತಾಗಿತ್ತು. ಕೆಸರಿನಿಂದ ಮೇಲಿದ್ದು, ನೀರು ಜೋರಾಗಿ ಹರಿಯುವ ಕಡೆ ಇದ್ದರೆ ಸಿಂಪಿ ಬದುಕುತ್ತದೆ. ಅಲ್ಲಿಯವರೆಗೆ ಚಿಪ್ಪನ್ನು ತೆಳ್ಳಗೆ ಹರಡಿ, ಮರಿ ಸತ್ತಾಗ ರೋಗವನ್ನಷ್ಟೇ ದೂರುವುದು ರೂಢಿಯಾಗಿತ್ತು.

ಗಡುವಿನ ವರ್ಷ

2007 ಬಂತು. ಆರೋಗ್ಯ ಇಲಾಖೆ ಪರೀಕ್ಷೆ ನೋಡಿ, ನದಿಯ 29 ಶೇಕಡಾ, ಅಂದರೆ ಸುಮಾರು 1,460 ಎಕರೆ ನೀರನ್ನು ಸಿಂಪಿ ತೆಗೆಯಲು ತೆರೆಯಿತು. ದಶಕಗಳ ನಂತರ ಲಿನ್‌ಹೇವನ್ ಸಿಂಪಿ ಕಾನೂನಿನ ಪ್ರಕಾರ ತಟ್ಟೆಗೆ ಬಂತು. ಮುಂದಿನ ವರ್ಷಗಳಲ್ಲಿ ತೆರೆದ ಭಾಗ 40 ಶೇಕಡಾ ದಾಟಿತು.

ಒಂದು ಶೇಕಡಾದಿಂದ ಇಪ್ಪತ್ತೊಂಬತ್ತಕ್ಕೆ, ಅದೂ ಬೆಳೆಯುತ್ತಿರುವ ಊರಿನ ಮಧ್ಯೆ. ಇದನ್ನು ಬರೆಯುವಾಗ ನನಗೆ ನಿಜವಾಗಿಯೂ ಖುಷಿಯಾಗುತ್ತದೆ. ಆದರೆ ಇನ್ನರ್ಧ ನದಿ ಮುಚ್ಚಿಯೇ ಇದೆ ಅನ್ನುವುದೂ ಅಷ್ಟೇ ನಿಜ. ಕವಲುಗಳ ಒಳತುದಿಗಳಲ್ಲಿ, ಉಬ್ಬರದ ನೀರು ಸರಿಯಾಗಿ ತಲುಪದ ಕಡೆ, ಬ್ಯಾಕ್ಟೀರಿಯಾ ಕಡಿಮೆ ಮಾಡುವುದು ಬಹಳ ಕಷ್ಟ. ಮೊದಲ 29 ಶೇಕಡಾ ಸಿಕ್ಕಷ್ಟು ಬೇಗ ಉಳಿದದ್ದು ಸಿಗುವುದಿಲ್ಲ.

2009ರಲ್ಲಿ ಕೇಂದ್ರ ಸರ್ಕಾರ ಚೆಸಪೀಕ್ ಉಳಿಸುವ ಆದೇಶ ಹೊರಡಿಸಿತು. 2014ರ ಒಪ್ಪಂದದಲ್ಲಿ ಕೊಲ್ಲಿಯ ಹತ್ತು ಉಪನದಿಗಳ ಸಿಂಪಿ ದಿಬ್ಬಗಳನ್ನು 2025ರೊಳಗೆ ಸರಿಪಡಿಸಬೇಕು ಎಂದಾಯಿತು. ವರ್ಜೀನಿಯಾದ ಪಾಲಿಗೆ ಬಂದ ಐದರಲ್ಲಿ ಲಿನ್‌ಹೇವನ್ ಒಂದು, ಅದಕ್ಕೆ ಇಟ್ಟ ಗುರಿ 152 ಎಕರೆ. ಇಲ್ಲಿ ಅಳತೆ ಬೇರೆ. ದಿಬ್ಬ ಕಟ್ಟಿ ಆರು ವರ್ಷ ಆದ ಮೇಲೂ ಚದರ ಮೀಟರಿಗೆ ಕನಿಷ್ಠ 15 ಸಿಂಪಿ ಇರಬೇಕು, 50 ಇದ್ದರೆ ಗುರಿ ಮುಟ್ಟಿದ ಹಾಗೆ. ಫೋಟೋ ತೆಗೆಸಿಕೊಂಡ ದಿನ ಎಷ್ಟು ಸುರಿದರು ಅನ್ನುವುದು ಲೆಕ್ಕಕ್ಕಿಲ್ಲ.

ಪ್ಲೆಷರ್ ಹೌಸ್ ಪಾಯಿಂಟ್

ನದಿಯ ಬಾಯಿಯ ಹತ್ತಿರ, ಅದರ ದಡದಲ್ಲೇ ಪ್ಲೆಷರ್ ಹೌಸ್ ಪಾಯಿಂಟ್ ಎಂಬ ಜೌಗು ಜಾಗ ಇದೆ. 118 ಎಕರೆ. ಅಲ್ಲಿ ದೊಡ್ಡ ವಸತಿ ಸಮುಚ್ಚಯ ಬರುವುದಿತ್ತು. ಜನ ವಿರೋಧಿಸಿದರು. ಕೊನೆಗೆ ಯೋಜನೆ ಬಿದ್ದುಹೋಗಿ ಜಮೀನು ಬ್ಯಾಂಕಿನ ಕೈಗೆ ಬಂತು. 2012ರಲ್ಲಿ ನಗರಾಡಳಿತ, ಭೂಮಿ ಉಳಿಸುವ ಒಂದು ಸಂಸ್ಥೆ ಮತ್ತು ಚೆಸಪೀಕ್ ಬೇ ಫೌಂಡೇಷನ್ ಸೇರಿ ಅದನ್ನು ಉಳಿಸಿಕೊಂಡವು. 2014ರಲ್ಲಿ ಅಲ್ಲಿ ಬ್ರಾಕ್ ಪರಿಸರ ಕೇಂದ್ರ ತೆರೆಯಿತು. ಆ ಕಟ್ಟಡದಲ್ಲಿ ಮಳೆನೀರನ್ನೇ ಶುದ್ಧ ಮಾಡಿ ಕುಡಿಯುತ್ತಾರೆ. ಶಾಲಾ ಮಕ್ಕಳು ಅಲ್ಲಿಗೆ ಬಂದು ನದಿಗೆ ಇಳಿಯುತ್ತಾರೆ.

ಇದನ್ನು ಇಲ್ಲಿ ಸೇರಿಸಿದ್ದಕ್ಕೆ ಕಾರಣ, ಜೌಗು ಜಾಗ ಹೋದ ಮೇಲೆ ಅದರ ಕೆಲಸ ಮಾಡಲು ಬುಟ್ಟಿಯ ಸಿಂಪಿ ಎಷ್ಟಿದ್ದರೂ ಸಾಲದು. ಮನೆ ಮನೆಗೆ ಹೋಗಿ ನಾಯಿಯ ವಿಷಯ ಹೇಳುತ್ತ ವರ್ಷಗಟ್ಟಲೆ ಕಟ್ಟಿಕೊಂಡ ಪರಿಚಯ, ಇಂಥ ದೊಡ್ಡ ಜಮೀನಿನ ಪ್ರಶ್ನೆ ಬಂದಾಗ ಊರಿಗೆ ನೆರವಾಗುತ್ತದೆ.

ನೀರು ಸುಧಾರಿಸಿದ ಮೇಲಿನ ಜಗಳ

ನೀರು ಶುದ್ಧವಾಯಿತು, ಸಿಂಪಿ ಮಾರಲು ಅನುಮತಿ ಸಿಕ್ಕಿತು. ಸಿಂಪಿ ಕೃಷಿಕರು ಬಂದರು. ವರ್ಜೀನಿಯಾದಲ್ಲಿ ನದಿಯ ತಳವನ್ನು ರಾಜ್ಯ ಗುತ್ತಿಗೆಗೆ ಕೊಡುತ್ತದೆ, ಆಗ ಎಕರೆಗೆ ವರ್ಷಕ್ಕೆ ಒಂದೂವರೆ ಡಾಲರ್ ಅಷ್ಟೇ ಇತ್ತು. ಗುತ್ತಿಗೆ ಹಿಡಿದವರು ಪಂಜರ ಇಟ್ಟರು, ಗಡಿಗೆ ಗೂಟ ನೆಟ್ಟರು, ಬೆಳಗಾಗುವ ಮೊದಲೇ ದೋಣಿ ತಂದರು. ದಡದ ಮನೆಯವರಿಗೆ ಸಿಟ್ಟು ಬಂತು. ನಮ್ಮ ಜೆಟ್ಟಿಯ ಮುಂದೆ ಇದೇನು, ಮಕ್ಕಳು ಈಜುವುದು ಹೇಗೆ, ನೋಟ ಹಾಳಾಯಿತು, ದೋಣಿ ಕಾಲುವೆಯ ಹೂಳು ತೆಗೆಯುವುದು ಹೇಗೆ ಎಂದು ತಕರಾರು ಎದ್ದಿತು. ಆಚೆ ಕೃಷಿಕರು, ನಾವು ಬೆಳೆಸುವ ಸಿಂಪಿಯೂ ಇದೇ ನೀರನ್ನು ಸೋಸುತ್ತದಲ್ಲ, ನಾವೂ ಹೊಟ್ಟೆಪಾಡಿಗೆ ದುಡಿಯುವವರು ಎಂದರು.

ನನ್ನ ಮನಸ್ಸು ಕೃಷಿಕರ ಕಡೆಗೇ ವಾಲುತ್ತದೆ. ಈ ನದಿಯ ಹೆಸರನ್ನು ದೇಶಕ್ಕೆ ತಿಳಿಸಿದ್ದು ಸಿಂಪಿ ತೆಗೆದು ಬದುಕಿದವರು. ಆದರೆ ಜೆಟ್ಟಿಯಲ್ಲಿ ಬುಟ್ಟಿ ಕಟ್ಟಿ, ಅಂಗಳದ ಅಂಚಿನಲ್ಲಿ ಹುಲ್ಲು ಬೆಳೆಯಲು ಬಿಟ್ಟು, ನೀರು ಸುಧಾರಿಸಲು ಕೈಜೋಡಿಸಿದವರೂ ಇದೇ ದಡದ ಮನೆಯವರಲ್ಲವೇ? ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ಯಾವ ಮೂಲೆಯಲ್ಲಿ ಪಂಜರ ಇರಬಹುದು, ಎಲ್ಲಿ ದೋಣಿ ದಾರಿ ಬಿಡಬೇಕು, ಎಷ್ಟು ಹೊತ್ತಿಗೆ ಕೆಲಸ ಶುರು ಮಾಡಬೇಕು ಎಂದು ನಕ್ಷೆ ಹಾಸಿಕೊಂಡು ಮಾತಾಡಿಸಬೇಕು. ಗಡುವಿನ ವರ್ಷಗಳಲ್ಲಿ ಎಲ್ಲರ ಗುರಿ ಒಂದೇ ಇತ್ತು. ಈಗ ಗುರಿಗಳು ಬೇರೆ ಬೇರೆ ಆಗಿವೆ, ನದಿ ಮಾತ್ರ ಅಷ್ಟೇ ಇದೆ. ಸ್ವಯಂಸೇವಕರ ಸಂಘಕ್ಕೆ ಮುಂದಿನ ವರ್ಷಗಳ ಕೆಲಸ ಇಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ, ಇದು ಚಿಪ್ಪಿನ ಡಬ್ಬಿ ಎತ್ತುವುದಕ್ಕಿಂತ ಕಷ್ಟದ್ದು.